ದಣಿವು ಹೋದ ದಾರಿ

ಮನುಷ್ಯನ ಮೈಯಿಂದ ದಣಿವನ್ನು ಹೊರಗೆ ತೆಗೆಯಬಹುದು ಎಂದು ಗೊತ್ತಾದಾಗ ಮಗ್ಗದಹಾಳದ ಜನ ಪಟಾಕಿ ಹೊಡೆದು ಪೇಢೆ ಹಂಚಿದರು. ತೆಗೆದ ದಣಿವನ್ನು ಎಲ್ಲಿ ಚೆಲ್ಲುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದಾದರೂ ಯಾಕೆ? ಮನೆ ಗುಡಿಸಿದವರು ಕಸವನ್ನು ಹೊಸ್ತಿಲಾಚೆ ದಾಟಿಸಿದ ಮೇಲೆ ಅದರ ಹಿಂದೆ ಹೋಗಿ ವಿಚಾರಿಸುವುದುಂಟೇ?

ಗುರಲಿಂಗನೂ ಕೇಳಲಿಲ್ಲ. ಬೇರೆಯವರ ಮಾತು ಬಿಡಿ, ಅವನಾದರೂ ಕೇಳಬೇಕಿತ್ತು. ದಣಿವು ತೆಗೆಯುವ ಆ ಕೋಣೆಯ ಗುಂಡಿ ಒತ್ತುವ ಕೆಲಸ ಅವನದೇ ಆಗಿತ್ತು. ಬೆಳಗಿನ ಪಾಳಿಯಲ್ಲಿ ಮಗ್ಗ ನಡೆಸುತ್ತಿದ್ದ, ಮಧ್ಯಾಹ್ನದ ಪಾಳಿಯಲ್ಲಿ ಈ ಕೋಣೆ ನೋಡಿಕೊಳ್ಳುತ್ತಿದ್ದ.

ಕೋಣೆ ಇದ್ದದ್ದು ಊರಂಚಿನ ಜವಳಿ ಗಿರಣಿಯಲ್ಲಿ. ಜನ ಅದಕ್ಕೆ ಹಗುರಖೋಲಿ ಎಂದು ಹೆಸರಿಟ್ಟಿದ್ದರು. ಅದನ್ನು ಕಟ್ಟಿಸಿದವಳು ಧಾರವಾಡದ ವಿಜ್ಞಾನಿ ವೈಜಯಂತಿ ಹುಯಿಲಗೋಳ. ದುಡಿಯುವ ಮೈಯಲ್ಲಿ ಹೊತ್ತೇರಿದಂತೆ ಒಂದು ಸೂಕ್ಷ್ಮ ವಸ್ತು ತುಂಬಿಕೊಳ್ಳುತ್ತದೆ, ಅದು ಮಿದುಳಿಗೆ ಮುಟ್ಟಿದಾಗಲೇ ನಮಗೆ ‘ಸಾಕಪ್ಪಾ’ ಅನ್ನಿಸುವುದು, ನಿದ್ದೆಯಲ್ಲಿ ಮೈ ಅದನ್ನು ತಾನೇ ನಿಧಾನವಾಗಿ ಕರಗಿಸುತ್ತದೆ ಎಂದು ಅವಳು ಕಂಡುಹಿಡಿದಿದ್ದಳು. ನಿದ್ದೆಯ ಕೆಲಸವನ್ನು ಯಂತ್ರಕ್ಕೆ ಹಚ್ಚಿದರೆ? ಖೋಲಿಯ ತುಂಬ ಬೆಚ್ಚನೆಯ ಮಂಜು, ಸಾಲಾಗಿ ತಂತಿ ಹೆಣೆದ ಕುರ್ಚಿಗಳು. ಕುರ್ಚಿಯಲ್ಲಿ ಹರಿಯುವ ಸಣ್ಣ ಕರೆಂಟಿಗೆ ಆ ವಸ್ತು ರಕ್ತ ಬಿಟ್ಟು ಉಸಿರಿಗೆ ಬರುತ್ತಿತ್ತು, ಉಸಿರಿನಿಂದ ಮಂಜಿಗೆ, ಮಂಜಿನಿಂದ ಕೊಳವೆಗೆ, ಕೊಳವೆಯಿಂದ ಚಿಮಣಿಗೆ. ಚಿಮಣಿ ದಾಟಿದರೆ ಬಿಸಿಲಿಗೆ ಒಡೆದು ಹಾಳಾಗಿ ಹೋಗುತ್ತದೆ ಎಂದು ವೈಜಯಂತಿ ಪರೀಕ್ಷೆ ಮಾಡಿ ಹೇಳಿದ್ದಳು. ಅವಳು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಬಿಸಿಲಿದ್ದಾಗ ಅದು ಹಾಗೇ ಆಗುತ್ತಿತ್ತು.

ಹೊಗೆಯಿಲ್ಲ, ಬೂದಿಯಿಲ್ಲ, ಕಮಟು ವಾಸನೆಯಿಲ್ಲ. ಇಷ್ಟು ಚೊಕ್ಕ ಚಿಮಣಿ ಲೋಕದಲ್ಲೇ ಇಲ್ಲ ಎಂದು ಗಿರಣಿಯ ಮಾಲಕ ಮುರಿಗೆಪ್ಪ ಶೆಟ್ಟರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಮೊದಲೆಲ್ಲ ಪಾಳಿ ಮುಗಿದ ಮೇಲೆ ‘ಇನ್ನೊಂದೆರಡು ತಾಸು ನಿಲ್ಲತೀಯೇನಪಾ’ ಎಂದು ಮುಕಾದಮ ಕೇಳಿದರೆ ನೇಕಾರ ತನ್ನ ಸೊಂಟವನ್ನು ಕೇಳುತ್ತಿದ್ದ. ಸೊಂಟ ಒಲ್ಲೆ ಅಂದರೆ ಮುಗಿಯಿತು, ಎಷ್ಟು ಆಸೆ ತೋರಿಸಿದರೂ ಅವನು ಮನೆಯ ದಾರಿ ಹಿಡಿಯುತ್ತಿದ್ದ. ಹಗುರಖೋಲಿ ಬಂದ ಮೇಲೆ ಯಾರ ಸೊಂಟವೂ ಒಲ್ಲೆ ಅನ್ನಲಿಲ್ಲ. ತಕ್ಕಡಿಯ ಒಂದು ಬದಿಯಲ್ಲಿದ್ದ ಕಲ್ಲು ತೆಗೆದ ಮೇಲೆ ಅದು ಇನ್ನೊಂದು ಬದಿಗೆ ಬೀಳದೆ ಇರುತ್ತದೆಯೇ? ಒಂದು ಪಾಳಿ ಎರಡಾಯಿತು, ಎರಡರ ಮೇಲೆ ಅರ್ಧ ಬಂತು. ಗರಡಿಮನೆಯ ಕೆಮ್ಮಣ್ಣು ಗಟ್ಟಿಯಾಯಿತು. ಶನಿವಾರದ ಭಜನೆಗೆ ದಮ್ಮಡಿ ಬಾರಿಸುವವರು ಸಿಗಲಿಲ್ಲ. ನಾಟಕದ ತಾಲೀಮು ಭೀಮನಿಲ್ಲದೆ ನಿಂತುಹೋಯಿತು. ಕೆಲಸವಿಲ್ಲದೆ ಕೂರುವ ಗಂಡಸನ್ನು ಮಗ್ಗದಹಾಳದಲ್ಲಿ ನೋಡಬೇಕೆಂದರೆ ಫೋಟೋ ಹುಡುಕಬೇಕಿತ್ತು.

ಗುರಲಿಂಗನ ಹೆಂಡತಿ ಕಸ್ತೂರಿ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ಗೇಣುದ್ದದ ಕೊಳವೆಗೆ ನೂಲು ಸುತ್ತುವ ಕೆಲಸ ಅದು. ಗಿರಣಿಯಿಂದ ನೂಲಿನ ಲಡಿ ಮನೆಮನೆಗೆ ಬರುತ್ತಿತ್ತು, ಓಣಿಯ ಹೆಂಗಸರು ಚಕ್ರದ ಮುಂದೆ ಕೂತು ಸುತ್ತಿ ಮರಳಿ ಕಳಿಸುತ್ತಿದ್ದರು. ಹಗುರಖೋಲಿ ಇಲ್ಲದ ಕಾಲದಲ್ಲಿ ಗುರಲಿಂಗ ಸಂಜೆ ಕೈಕಾಲು ತೊಳೆದು ಅವಳ ಚಕ್ರದ ಬದಿಗೆ ಗೋಡೆಗೆ ಆತು ಕೂರುತ್ತಿದ್ದ. ಕಸ್ತೂರಿ ಕೈಯಿಂದ ಚಕ್ರ ತಿರುಗಿಸುತ್ತ ಬಾಯಿಂದ ಓಣಿಯನ್ನೆಲ್ಲ ತಿರುಗಿಸುತ್ತಿದ್ದಳು. ಮುಕಾದಮನ ನಡಿಗೆ, ಡಾಕ್ಟರರ ಕೆಮ್ಮು, ಎದುರು ಮನೆಯ ಕಾಶವ್ವ ಮೊಮ್ಮಗನಿಗೆ ಬಯ್ಯುವ ಪರಿ, ಎಲ್ಲವನ್ನೂ ಅವಳು ಮಾಡಿ ತೋರಿಸಿದರೆ ಗುರಲಿಂಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮಕ್ಕಳಿಲ್ಲದ ಮನೆ ಅದು. ಆದರೆ ಸಪ್ಪಳಕ್ಕೇನೂ ಬರ ಇರಲಿಲ್ಲ.

“ಇನ್ನೊಂದು ವರ್ಷ ಜೋರು ದುಡದಬಿಡ್ತೀನಿ ಕಸ್ತೂರಿ. ಆಮ್ಯಾಲ ದಿನಾ ಸಂಜೀಕ ನಿನ್ನ ಮುಂದ ಕೂಡೂದ ನನ್ನ ಕೆಲಸ,” ಎಂದು ಎರಡು ಪಾಳಿ ಹಿಡಿದ ಹೊಸದರಲ್ಲಿ ಅವನು ಹೇಳಿದ್ದ.

“ಅಷ್ಟೊತ್ತಿಗೆ ನನ್ನ ಹೊಟ್ಟ್ಯಾಗಿನ ಮಾತು ಹಳಸಿರತಾವು ನೋಡ್ರಿ,” ಎಂದು ಅವಳು ನಕ್ಕಿದ್ದಳು.

ಹಳಸಲಿಲ್ಲ, ಬತ್ತಿದವು. ಎರಡನೆಯ ವರ್ಷ ಬರುವ ಹೊತ್ತಿಗೆ ಕಸ್ತೂರಿ ಸಂಜೆಯಾಗುವುದೇ ತಡ ಚಕ್ರದ ಬದಿಗೇ ಒರಗಿ ಕಣ್ಣು ಮುಚ್ಚುತ್ತಿದ್ದಳು. ಮುಸುರೆ ಪಾತ್ರೆ ಬಚ್ಚಲಲ್ಲೇ ಇರುತ್ತಿದ್ದವು. ರೊಟ್ಟಿ ತಟ್ಟುತ್ತ ಕೂತವಳು ಹಿಟ್ಟಿನ ಮೇಲೆ ಕೈಯಿಟ್ಟುಕೊಂಡೇ ತೂಗುತ್ತಿದ್ದಳು. ಹಗುರಖೋಲಿಯಿಂದ ಆಗತಾನೇ ಎದ್ದ ಕರುವಿನಂತೆ ಬರುವ ಗುರಲಿಂಗನಿಗೆ ಇದು ತಿಳಿಯದಾಯಿತು. ದಣಿವೆಂದರೆ ಹೇಗಿರುತ್ತದೆ ಎಂಬುದೇ ಅವನ ಮೈಗೆ ಮರೆತುಹೋಗಿತ್ತು. ಮೈಗೆ ಮರೆತದ್ದು ಮನಸ್ಸಿಗೆ ಎಲ್ಲಿ ನೆನಪಿರಬೇಕು?

“ಕೂತಲ್ಲೆ ಕೂತು ಚಕ್ರ ತಿರುಗಸಾಕ ಇಷ್ಟು ಸುಸ್ತೇನ?” ಎಂದು ಒಂದು ದಿನ ಅವನು ಅಂದೇಬಿಟ್ಟ. “ಎರಡ ಪಾಳಿ ಮುಗಿಸಿ ನಾ ಹೆಂಗ ಬಂದೀನಿ ನೋಡು.”

ಕಸ್ತೂರಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಕಸುವು ಬೇಕಲ್ಲ. “ಏನಾಗೇತೋ ಗೊತ್ತಿಲ್ರಿ. ಮೈಯೆಲ್ಲ ಒದ್ದಿ ಕೌದಿ ಹೊತ್ತಂಗ ಆಗೇತಿ. ಮನಗಿ ಎದ್ದರೂ ಹಂಗ ಇರತೈತಿ.” ಆಮೇಲೆ ಏನೋ ನೆನಪಾದವಳ ಹಾಗೆ, “ಈಗ ಬರೂ ನೂಲು ಸಿಹಿ ಹತ್ತತೈತಿ, ನಿಮಗ ಗೊತ್ತೈತೇನ್ರಿ?” ಎಂದಳು.

“ಹಂಗಾರ ಚಾದಾಗ ಹಾಕು. ಸಕ್ರಿ ಉಳೀತೈತಿ,” ಎಂದು ಗುರಲಿಂಗ ನಕ್ಕು ಹೊರಗೆ ಹೋದ.

ಕಸ್ತೂರಿಯೊಬ್ಬಳೇ ಅಲ್ಲ, ಓಣಿಯ ಹೆಂಗಸರೆಲ್ಲ ಹೀಗೇ ಆಗಿದ್ದರು. ಡಾಕ್ಟರರು ರಕ್ತ ಕಡಿಮೆ ಎಂದು ಗುಳಿಗೆ ಕೊಟ್ಟರು. ಗಂಡಸರು ಚಹಾದಂಗಡಿಯ ಮುಂದೆ ನಿಂತು, ಈ ಊರ ಹೆಣ್ಣುಮಕ್ಕಳಿಗೆ ಸುಖ ಹೆಚ್ಚಾಗಿ ಸೋಮಾರಿತನದ ರೋಗ ಬಂದಿದೆ ಎಂದು ತೀರ್ಮಾನ ಮಾಡಿ, ಎರಡನೆಯ ಪಾಳಿಗೆ ಓಡಿದರು.

ಅತ್ತ ವೈಜಯಂತಿಗೆ ಬೇರೆಯದೇ ಚಿಂತೆ ಹತ್ತಿತ್ತು. ವರ್ಷಕ್ಕೊಮ್ಮೆ ಯಂತ್ರದ ತಪಾಸಣೆಗೆ ಬಂದವಳು ಹಗುರಖೋಲಿಯ ಪಕ್ಕದ ಗಾಜಿನ ಕೋಣೆಯಲ್ಲಿ ಕೂತು ಪರದೆಯ ಮೇಲಿನ ಗೆರೆಗಳನ್ನು ನೋಡಿ ನೋಡಿ ತಲೆ ಕೆರೆದುಕೊಂಡಳು.

“ಗುರಲಿಂಗಪ್ಪನವರ, ಇದು ಹೆಂಗ ಸಾಧ್ಯ? ಒಬ್ಬ ಮನಷ್ಯಾ ಎಷ್ಟು ದುಡದ್ರೂ ಇಷ್ಟು ದಣಿವು ಹುಟ್ಟೂದಿಲ್ಲ. ಇವರ ಮೈಯಿಂದ ಹೊರಗ ಬರೂದು ಅದಕ್ಕಿಂತ ಭಾಳ ಜಾಸ್ತಿ ಅದ. ಹುಟ್ಟದ ದಣಿವು ಎಲ್ಲಿಂದ ಬಂತು?”

ಅವಳು ಕೊಳವೆಯ ಕೆಳಗಿನ ಬಾಟಲಿಯಲ್ಲಿ ಕೂಡಿದ್ದ ನೀರನ್ನು ಮೂಗಿನ ಹತ್ತಿರ ಹಿಡಿದಳು. “ಬಣ್ಣ ಇಲ್ಲ. ಒಂಚೂರು ಸಿಹಿ ವಾಸನಿ, ಅಷ್ಟ.”

“ಸಿಹಿ ಅಂದ್ರ ನೆನಪಾತ್ರಿ ಮೇಡಂ,” ಎಂದ ಗುರಲಿಂಗ. ಬೇಸರ ಕಳೆಯಲು ಒಂದು ನಗೆಯ ಮಾತು ಹೇಳಿದರಾಯಿತು ಎಂದಷ್ಟೇ ಅವನ ಎಣಿಕೆ. “ನಮ್ಮ ಮನಿಯಾಕಿ ಗಿರಣಿ ನೂಲು ಸಿಹಿ ಹತ್ತತೈತಿ ಅಂತಾಳ.”

ವೈಜಯಂತಿ ನಗಲಿಲ್ಲ. ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, “ನೂಲು ಎಲ್ಲೆ ಇಡ್ತೀರಿ?” ಎಂದಳು.

ನೂಲಿನ ಗೋದಾಮು ಚಿಮಣಿಯ ಬುಡದಲ್ಲೇ ಇತ್ತು. ಒಣಗಿದ ನೂಲು ಪದೇಪದೇ ಹರಿಯುತ್ತದೆಂದು ಅಲ್ಲಿ ಕಿಟಕಿ ಮುಚ್ಚಿ, ನೀರು ಚಿಮುಕಿಸಿ, ಲಡಿಗಳನ್ನು ತಂಪಾಗಿ ಇಡುತ್ತಿದ್ದರು. ರಾತ್ರಿಯ ಚಳಿಗೆ ಚಿಮಣಿಯ ಆವಿ ಮೇಲೇರದೆ ಗೋಡೆಗುಂಟ ಇಳಿದು ಗೋದಾಮಿನ ಸಂದಿಗಳಲ್ಲಿ ನುಗ್ಗುತ್ತಿತ್ತು. ಒಳಗೆ ಬಿಸಿಲಿಲ್ಲ, ಒಡೆಯುವವರಿಲ್ಲ. ಒದ್ದೆ ಹತ್ತಿ ಅದನ್ನು ಕುಡಿದು ಕೂರುತ್ತಿತ್ತು. ವೈಜಯಂತಿ ಒಂದು ಲಡಿ ತಂದು ತೊಳೆದು, ತೊಳೆದ ನೀರನ್ನು ಯಂತ್ರಕ್ಕೆ ಹಾಕಿದಾಗ ಪರದೆಯ ಗೆರೆ ನೆಟ್ಟಗೆ ಮೇಲೆದ್ದಿತು. ಅವಳದೇ ಲೆಕ್ಕದಲ್ಲಿ ಚಿಮಣಿಯ ಕೆಳಗೆ ಗೋದಾಮು ಇರಲಿಲ್ಲ, ಚಳಿಗಾಲವೂ ಇರಲಿಲ್ಲ.

“ಮಗ್ಗದವರೂ ಇದರ ಧೂಳಿನಾಗ ಉಸರಾಡ್ತಾರ, ಅದಕ್ಕ ಅವರ ಮೈಯಾಗ ಜಾಸ್ತಿ ಬರ್ಲಿಕತ್ತದ. ಅವರದು ಖೋಲಿಯೊಳಗ ಹೋಗಿಬಿಡ್ತದ, ಚಿಂತಿಲ್ಲ. ಮನಿಯಾಗ ಸುತ್ತವರು...” ತನಗೆ ತಾನೇ ಧೈರ್ಯ ಹೇಳಿಕೊಳ್ಳುವವಳ ಹಾಗೆ ಮುಂದುವರಿಸಿದಳು, “ಕೈಯಿಂದ ಮುಟ್ಟಿದ್ರ ಏನೂ ಆಗೂದಿಲ್ಲ. ಚರ್ಮ ದಾಟೂದಿಲ್ಲ ಅದು. ಬಾಯಿಗೆ ಹೋದ್ರ ಮಾತ್ರ ಕಷ್ಟ. ನೂಲು ಯಾರು ಬಾಯಾಗ ಹಾಕ್ಕೋತಾರ?”

ಯಾರು ಎಂಬುದು ಗುರಲಿಂಗನಿಗೆ ಗೊತ್ತಿತ್ತು. ಕಂಡಿಕೆ ಸುತ್ತುವಾಗ ಎಳೆ ಹರಿಯುತ್ತದೆ. ಹರಿದ ತುದಿಯನ್ನು ನಾಲಿಗೆಗೆ ತಾಕಿಸಿ, ತುಟಿಯಲ್ಲಿ ಒತ್ತಿ, ಹೊಸೆದು ಗಂಟು ಹಾಕುತ್ತಾರೆ. ಅವನ ತಾಯಿ ಹಾಗೆ ಮಾಡಿದ್ದಳು, ಅವಳ ತಾಯಿಯೂ ಹಾಗೇ ಮಾಡಿದ್ದಳು. ಮಗ್ಗದಹಾಳದಲ್ಲಿ ಹೆಣ್ಣಾಗಿ ಹುಟ್ಟಿದವಳು ಅಕ್ಷರ ಕಲಿಯುವ ಮೊದಲು ಇದನ್ನು ಕಲಿಯುತ್ತಿದ್ದಳು. ಗಂಡಸರು ಎರಡು ಪಾಳಿ ನೇಯ್ದರೆ ಹೆಂಗಸರು ಎರಡರಷ್ಟು ಸುತ್ತಬೇಕಲ್ಲವೇ? ಹಾಗೆ ಅವನೂ ಅವನ ಗೆಳೆಯರೂ ಮೈಯಿಂದ ಇಳಿಸಿಟ್ಟ ದಣಿವನ್ನೆಲ್ಲ ಅವರವರ ಮನೆಯ ಹೆಂಗಸರು ಎಳೆ ಎಳೆಯಾಗಿ ನುಂಗಿದ್ದರು. ಕಸ್ತೂರಿ ಸಿಹಿ ಎಂದಾಗ ನಕ್ಕು ಹೋಗದೆ ಅಂದೇ ಯಾರಿಗಾದರೂ ಹೇಳಿದ್ದರೆ! ಅವನು ಅಲ್ಲೇ ಕುಕ್ಕರಿಸಿ ಅತ್ತ.

ಮುರಿಗೆಪ್ಪ ಶೆಟ್ಟರು ಕೆಟ್ಟವರೇನಲ್ಲ. ಸುದ್ದಿ ಕೇಳಿ ಅವರ ಮುಖವೂ ಕಪ್ಪಿಟ್ಟಿತು. ಗಿರಣಿಯ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ ಕೈ ಮುಗಿದರು.

“ತಪ್ಪಾಗೇತಿ. ಖೋಲಿ ಬಂದ್ ಮಾಡ್ರಿ ಅಂದ್ರ ಇವತ್ತ ಬಂದ್ ಮಾಡ್ತೀನಿ. ಆದ್ರ ಒಂದ ಪಾಳಿ ಮ್ಯಾಲ ನಿಮ್ಮಿಂದ ಆಗೂದಿಲ್ಲ, ನಿಮ್ಮ ದಣಿವು ನೀವ ಹೊತ್ಕೊಂಡು ಮನಿಗೆ ಹೋಗಬೇಕಾಗತೈತಿ. ಇಲ್ಲಾ, ಕಂಡಿಕಿ ಕೆಲಸ ಈ ಊರಾಗ ಬ್ಯಾಡ, ಹೊಳಿ ಆಚೆ ಹಳ್ಳಿಗೋಳಿಗೆ ಕೊಡೂಣು. ನೀವ ಹೇಳ್ರಿ.”

ಚಿಮಣಿ ಎತ್ತರಿಸಿ, ಗೋದಾಮು ದೂರ ಕಟ್ಟಿ, ಅಲ್ಲಿಯವರೆಗೆ ಖೋಲಿ ಮುಚ್ಚಿ ಎಂದು ವೈಜಯಂತಿ ಎದ್ದು ನಿಂತು ಹೇಳಿದಳು. ಅದಕ್ಕೆ ಎಷ್ಟು ದಿನ ಬೇಕು ಎಂದು ಯಾರೋ ಕೇಳಿದರು. ವರ್ಷವಾದರೂ ಬೇಕು ಎಂದಳು. ಅಂಗಳದಲ್ಲಿ ಮಗಳ ಮದುವೆಯವನಿದ್ದ, ಗೋಡೆ ಅರ್ಧ ಎದ್ದ ಮನೆಯವನಿದ್ದ. ಹೊಳೆಯಾಚೆಗೆ ಕೊಡಲಿ ಎಂದು ಮೊದಲು ಒಂದು ಕೈ ಎದ್ದಿತು. ನೋಡನೋಡುತ್ತ ಎಲ್ಲ ಕೈಗಳೂ ಎದ್ದವು. ಗುರಲಿಂಗನ ಕೈಯೂ ಎದ್ದಿತು. ಕಸ್ತೂರಿಯ ಬಾಯಿಗೆ ಇನ್ನು ಆ ನೂಲು ಹೋಗದಿದ್ದರೆ ಸಾಕು ಎಂಬುದರಾಚೆ ಅವನಿಗೆ ಏನೂ ಹೊಳೆಯಲಿಲ್ಲ.

ಮನೆಗೆ ಬಂದು ಎಲ್ಲ ಹೇಳಿದ. ಆ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು. ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಹೊಳಿ ಆಚೆ ಸುತ್ತಾಕಿಗೂ ನಾಲಿಗಿ ಇರತೈತಲ್ರಿ,” ಎಂದಳು.

ಗುರಲಿಂಗ ಅವಳ ಕಾಲು ಒತ್ತಿದ. ಆಮೇಲೆ, “ನಿನ್ನನ್ನೂ ಖೋಲಿಯಾಗ ಕೂಡಸೂಣು. ಅರ್ಧ ತಾಸಿನಾಗ ಮೊದಲಿನಂಗ ಆಗ್ತಿ,” ಎಂದ.

“ನನ್ನ ಮೈಯಿಂದ ತಗದದ್ದು ಎಲ್ಲಿಗೆ ಹೋಗತೈತಿ?”

ಎರಡು ವರ್ಷದಿಂದ ಊರಲ್ಲಿ ಯಾರೂ ಕೇಳದ ಮಾತನ್ನು ಅವಳು ಮಲಗಿದಲ್ಲಿಂದ ಕೇಳಿದ್ದಳು. ಕಾಲು ಒತ್ತುತ್ತಿದ್ದ ಗುರಲಿಂಗನ ಕೈ ನಿಂತಿತು.

“ಹಂಗಾರ ನಾ ಒಲ್ಲೆ,” ಎಂದು ಗೋಡೆಯ ಕಡೆ ಹೊರಳಿದಳು.

ವಾರದ ರಜೆಯ ದಿನ ಗುರಲಿಂಗ ವೈಜಯಂತಿಯ ಕಾಲಿಗೆ ಬಿದ್ದು ಒಂದು ಉಪಾಯ ಕೇಳಿದ. ಉಪಾಯ ಅವಳ ತಲೆಯಲ್ಲೂ ಸುಳಿದಿತ್ತು, ಹೇಳಲು ಹೆದರಿದ್ದಳು. ಚಿಮಣಿ ಮುಚ್ಚುವುದು. ಕಸ್ತೂರಿಯ ಕುರ್ಚಿಗೆ ಮಾತ್ರ ಕರೆಂಟು ಕೊಡುವುದು. ಹೊರಬಂದದ್ದು ಖೋಲಿಯಲ್ಲೇ ಉಳಿದರೆ ತಿರುಗಿ ಅವಳಿಗೇ ಹೋಗುತ್ತದೆ, ಆದ್ದರಿಂದ ಪಕ್ಕದಲ್ಲಿ ಇನ್ನೊಬ್ಬರು ಕೂತು ಅದನ್ನೆಲ್ಲ ಉಸಿರಾಡಿ ತಮ್ಮ ಮೈಗೆ ತೆಗೆದುಕೊಳ್ಳಬೇಕು.

“ಅದ ನಾನು,” ಎಂದ ಗುರಲಿಂಗ. “ನಂದ ಅಲ್ರಿ ಅದು? ನಂದು ನಾ ತಿರುಗಿ ತಗೋತೀನಿ.”

“ಇನ್ನೊಂದು ಮಾತು ಅದ, ಕೇಳ್ರಿ.” ವೈಜಯಂತಿ ಅವನನ್ನು ಬದಿಗೆ ಕರೆದಳು. “ಆಕೀ ಎದಿ ಭಾಳ ಸೋತದ. ಇಷ್ಟು ದಿನ ಆಕೀನ್ನ ಮಲಗಿಸಿ ಉಳಿಸಿದ್ದು ಅದ ದಣಿವು. ಅದು ಕಾವಲುಗಾರ ಇದ್ದಂಗ. ತಗದ್ರ ಆಕೀಗೆ ಎದ್ದು ಓಡಾಡಬೇಕು ಅನಸ್ತದ. ಒಂದು ತಿಂಗಳು ಹಾಸಿಗಿ ಬಿಟ್ಟು ಏಳಗೊಡಬ್ಯಾಡ್ರಿ. ಮನಿಗೆ ಹೋದಕೂಡ್ಲೆ ಆಕೀಗೆ ಹೇಳ್ರಿ, ಓಣಿಯವರಿಗೂ ಹೇಳ್ರಿ.”

“ನಾನ ಬಾಜೂಕ ಕೂಡತೀನಲ್ರಿ.”

“ಎಚ್ಚರ ಇರ್ತೀರೇನು?”

“ಒಂದ ದಿನದ ನಿದ್ದಿ ತಡಕೊಳ್ಳಾಕ ಆಗೂದಿಲ್ಲೇನ್ರಿ?” ಎಂದ ಅವನು. ದಣಿವನ್ನೇ ಮರೆತ ಮನುಷ್ಯ ಆಡುವ ಮಾತು ಅದು. ವೈಜಯಂತಿ ನಂಬಿದಳು, ನಂಬಬೇಕೆಂದು ಅವಳಿಗೂ ಆಸೆಯಿತ್ತು.

ಕಸ್ತೂರಿಯನ್ನು ಆಟೋದಲ್ಲಿ ತಂದು ಕುರ್ಚಿಯಲ್ಲಿ ಕೂರಿಸಿದರು. “ಚಿಮಣಿ ಮುಚ್ಚೇವಿ. ಎಲ್ಲಿಗೂ ಹೋಗೂದಿಲ್ಲ,” ಎಂದು ಗುರಲಿಂಗ ಹೇಳಿದ.

“ನೀವ್ಯಾಕ ಕೂತ್ರಿ?”

“ನಿನಗ ಜೋಡಿ.”

ಅವಳು ಅರೆಗಣ್ಣಲ್ಲೇ ನಕ್ಕಳು. ಮಂಜು ತುಂಬಿತು. ಗುರಲಿಂಗ ಉದ್ದುದ್ದ ಉಸಿರೆಳೆದ. ಮೊದಲು ಏನೂ ಆಗಲಿಲ್ಲ. ಆಮೇಲೆ ಕಣ್ಣೆವೆ ಭಾರವಾದವು, ಆಮೇಲೆ ಹೆಗಲು, ಆಮೇಲೆ ಬೆನ್ನಿನ ಒಂದೊಂದು ಎಲುಬು. ಇಷ್ಟನ್ನು ಹೊತ್ತುಕೊಂಡು ಇವಳು ರೊಟ್ಟಿ ಬಡಿದಳೇ? ಇಷ್ಟನ್ನು ಹೊತ್ತುಕೊಂಡು ನನ್ನ ಮಾತಿಗೆ ಸಿಟ್ಟಾಗದೆ ಉತ್ತರ ಕೊಟ್ಟಳೇ? ಕೊನೆಗೆ ಬಾಗಿಲು ತೆರೆದಾಗ ಅವನು ಅವಳ ಭುಜ ಹಿಡಿದು ಹೊರಗೆ ಬಂದ. ಹಿಡಿದುಕೊಂಡು ಬಂದದ್ದು ಅವನೋ ಅವಳೋ ಎಂದು ವೈಜಯಂತಿಗೆ ಆಮೇಲೆ ಎಷ್ಟು ನೆನೆದರೂ ತಿಳಿಯಲಿಲ್ಲ. “ಹುಷಾರಿರ್ತೀರೇನ್ರಿ?” ಎಂದು ಅವಳು ಕೇಳಿದ್ದಕ್ಕೆ ಅವನು ಹೂಂ ಎಂದಿದ್ದ. ಎದ್ದು ಓಡಾಡಬೇಡ ಎಂದು ಹೆಂಡತಿಗೆ ಹೇಳಬೇಕೆಂಬುದು ಅವನ ನೆನಪಿನಲ್ಲಿತ್ತು. ಆಟೋ ಹತ್ತಿ, ಅವಳ ಕೈಹಿಡಿದು, “ಕಸ್ತೂರಿ, ಇಲ್ಲಿ ಕೇಳು,” ಎಂದ. ಅಷ್ಟೇ ಅವನಿಗೆ ಹೇಳಲಾದದ್ದು.

ಮರುದಿನ ಅವನು ಕಣ್ಣು ಬಿಟ್ಟಾಗ ಮನೆಯ ತುಂಬ ಜನ ಇದ್ದರು. ಎದುರು ಮನೆಯ ಕಾಶವ್ವ ತಲೆದೆಸೆಗೆ ಕೂತು ಅವನ ಮುಖಕ್ಕೆ ನೀರು ಹಚ್ಚುತ್ತಿದ್ದಳು. ಅವನ ಕೈ ತಾನಾಗಿಯೇ ಪಕ್ಕದ ಹಾಸಿಗೆ ತಡವಿತು.

“ಎಷ್ಟ ಎಬ್ಬಿಸೇವಿ ನಿನ್ನ, ಯಪ್ಪಾ,” ಎಂದು ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡಳು. “ಆಟೋದವನೂ ಆಕೀನೂ ಕೂಡಿ ನಿನ್ನ ಎತ್ತಿಕೊಂಡು ಬಂದು ಮನಗಿಸಿದರು. ಆಕೀ ಮಾರಿ ನೋಡಬೇಕಿತ್ತು ನೀ. ಮದಿವಿ ಆಗಿ ಈ ಓಣಿಗೆ ಬಂದಾಗ ಹೆಂಗಿದ್ಲೋ ಹಂಗ. ಮನಿಯೆಲ್ಲ ಗುಡಿಸಿದ್ಲು, ಸಾರಿಸಿದ್ಲು. ನೀರು ಕಾಸಿ ತಲಿಮ್ಯಾಲ ಹಾಕ್ಕೊಂಡ್ಲು. ಬದನಿಕಾಯಿ ಎಣಗಾಯಿ ಮಾಡಿ ನನಗೂ ತಂದಕೊಟ್ಲು. ನನ್ನಂಗ ಬೈದು ತೋರಿಸಿ ನನ್ನ ಮೊಮ್ಮಗನ್ನ ನಗಿಸಿದ್ಲು. ನಿನ್ನ ಗಂಡನ್ನ ಎಬ್ಬಸ ಅಂದೆ. ಬ್ಯಾಡತ್ತಿ, ಮನಗ್ಲಿ, ಅವರು ಮನಗದ ಎರಡ ವರ್ಷ ಆತು ಅಂದ್ಲು. ಎದ್ದಮ್ಯಾಲ ಹೇಳೂದು ಭಾಳ ಐತಿ ಅಂದ್ಲು. ನಿನ್ನಿ ಸಂಜಿಮುಂದ ಕೊಡ ತಗೊಂಡು ನಳಕ್ಕ ಹ್ವಾದ್ಲು. ತುಂಬಿದ ಕೊಡ ಎತ್ತಿದಾಕಿ ಅಲ್ಲೇ...”

ಗುರಲಿಂಗ ಏಳಲು ನೋಡಿದ. ಮೈ ಏಳಲಿಲ್ಲ. “ಖುಷಿ ಇದ್ಲೇನ?” ಎಂದು ಮಾತ್ರ ಕೇಳಿದ.

“ಭಾಳ ಖುಷಿ ಇದ್ಲೋ ಯಪ್ಪಾ.”

ಅವನಿಗೆ ಹೇಳಲು ಅವಳ ಬಳಿ ಎಷ್ಟು ಮಾತು ಕೂಡಿತ್ತೋ. ಬೇಡಿ ಬೇಡಿ ತಂದುಕೊಂಡ ಆ ಒಂದು ಸಂಜೆ ಅವನ ತಲೆಯ ಮೇಲೆಯೇ ಹಾದುಹೋಗಿತ್ತು. ಅವನು ಮಲಗಿದಲ್ಲೇ ಬಾಯಿ ತೆರೆದು ಅತ್ತ. ಅಳು ಕೂಡ ಬೇಗ ದಣಿಯಿತು.

ಓಣಿಯ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಸತ್ತವರ ಮನೆಯಲ್ಲಿ ಎದೆ ಬಡಿದುಕೊಂಡು ಹಾಡಿ ಅಳುವುದು ಆ ಊರ ರೂಢಿ. ಅಂದು ಯಾರಿಗೂ ಹಾಡುವ ತ್ರಾಣವಿರಲಿಲ್ಲ. ಕಣ್ಣೀರು ಸುಮ್ಮನೆ ಇಳಿಯುತ್ತಿತ್ತು, ಒರೆಸುವ ಕೈಯೂ ಮೇಲೇಳುತ್ತಿರಲಿಲ್ಲ.

ಗಿರಣಿಯ ಗೆಳೆಯರು ಪಾಳಿ ಮುಗಿಸಿ, ಹಗುರಖೋಲಿಯಿಂದ ನೇರ ಬಂದರು. ಎಲ್ಲರ ಮುಖವೂ ಆಗತಾನೇ ತೊಳೆದಿಟ್ಟಂತೆ ಇತ್ತು. ಕಸ್ತೂರಿಯನ್ನು ಹೆಗಲಿಗೇರಿಸಿಕೊಂಡು ಸರಸರ ನಡೆದರು, ಅವರಿಗೆ ಭಾರ ತಿಳಿಯುತ್ತಿರಲಿಲ್ಲ. ಗುರಲಿಂಗ ಕೈಯಲ್ಲಿ ಬೆಂಕಿಯ ಮಡಿಕೆ ಹಿಡಿದು ಮುಂದೆ ನಡೆಯಬೇಕಾದವನು, ಓಣಿ ದಾಟುವಷ್ಟರಲ್ಲಿ ಹಿಂದೆ ಬಿದ್ದ. ಗೋಡೆಗೆ ಆತು ಒಂದು ಕಡೆ ನಿಂತೇಬಿಟ್ಟ.

ಹೊತ್ತವರಲ್ಲಿ ಒಬ್ಬ ತಿರುಗಿ ನೋಡಿ ಮರುಗಿದ. “ಗುರಲಿಂಗಣ್ಣ, ಇದೇನಿದು ಅವತಾರ! ಇದೆಲ್ಲಾ ಮುಗೀಲಿ, ನಾನ ಕರ್ಕೊಂಡು ಹೋಗ್ತೀನಿ. ಖೋಲಿಯಾಗ ಅರ್ಧ ತಾಸು ಕೂತ್ಯಂದ್ರ ಎಲ್ಲಾ ಹೋಗಿಬಿಡತೈತಿ.”

“ಒಲ್ಲೆ,” ಎಂದ ಗುರಲಿಂಗ. ಅವನು ಉಸಿರು ತೆಗೆದುಕೊಳ್ಳುವವರೆಗೂ ಅವರು ಹೊತ್ತುಕೊಂಡೇ ಕಾದರು. “ಇದು ನಂದಲ್ಲೋ ತಮ್ಮಾ, ಆಕೀದು. ಇದೊಂದ ಉಳದೈತಿ. ಸಾವಕಾಶ ನಡೀರಿ.”